ಲ್ಯಾಪ್‌ಟಾಪಿನೊಳಗಿನ ಜೀರುಂಡೆ

ಮೊದಲು ಅದನ್ನು ಕೇಳಿಸಿಕೊಂಡವಳು ಮಗಳು. ಒಂಬತ್ತನೇ ತರಗತಿಯ ಪರೀಕ್ಷೆಗೆ ಓದುತ್ತ ಊಟದ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ಈ ತುದಿಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಪಿಯು ಮಕ್ಕಳಿಗೆ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಸಿದ್ಧ ಮಾಡುತ್ತಿದ್ದೆ. ರಾತ್ರಿ ಹತ್ತು ದಾಟಿತ್ತು. “ಅಪ್ಪ, ಅದೇನದು ಕಿರ್ರ್ ಅಂತಿರೋದು?” ಎಂದಳು. ನನಗೇನೂ ಕೇಳಿಸಲಿಲ್ಲ. ಮಲೆನಾಡಿನ ಅಂಚಿನ ಊರು ನಮ್ಮದು, ಮನೆಯೊಳಗೆ ಜೀರುಂಡೆ ಸೇರಿಕೊಳ್ಳುವುದು ಹೊಸತಲ್ಲ. ಬೀರುವಿನ ಹಿಂದೆ, ಅಕ್ಕಿ ಡಬ್ಬಿಯ ಸಂದಿಯಲ್ಲಿ ಟಾರ್ಚ್ ಬಿಟ್ಟು ಹುಡುಕಿದೆವು. ನನ್ನವಳು ಅಡುಗೆಮನೆಯಿಂದ ಬಂದು ಸ್ವಲ್ಪ ಹೊತ್ತು ಕಿವಿಗೊಟ್ಟು, “ಹೌದು, ಏನೋ ಸಣ್ಣಗೆ ಕೇಳ್ತಿದೆ” ಎಂದಳು. ಎಪ್ಪತ್ತಾರು ದಾಟಿದ ಅಮ್ಮ “ನಂಗೇನೂ ಇಲ್ಲಪ್ಪ” ಎಂದು ಮಗ್ಗುಲು ಬದಲಿಸಿದರು.

ಹುಡುಕಿ ಸುಸ್ತಾಗಿ ಮಲಗೋಣವೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. “ನಿಂತ್ಹೋಯ್ತು!” ಎಂದಳು ಮಗಳು. ಮತ್ತೆ ತೆರೆದೆ. ಎರಡು ನಿಮಿಷದಲ್ಲಿ ಮತ್ತೆ ಶುರು.

ಮಾರನೇ ದಿನ ಅದನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಬಸ್ಸು, ಆಟೋಗಳ ಗದ್ದಲದ ರಸ್ತೆಗೆ ತೆರೆದುಕೊಂಡ ಅಂಗಡಿ, ತಲೆಯ ಮೇಲೆ ಎರಡು ಫ್ಯಾನು. ಕೌಂಟರಿನ ಹುಡುಗ ಐದು ನಿಮಿಷ ಆನ್ ಮಾಡಿಟ್ಟು, “ಏನೂ ಕೇಳಿಸ್ತಿಲ್ಲ ಸರ್. ಬಂದ್ರೂ ಅದು ನಾರ್ಮಲ್. ಬೇಡ ಅಂದ್ರೆ ಮದರ್‌ಬೋರ್ಡ್ ಬದಲಾಯಿಸ್ಬೇಕು” ಎಂದ. ಮದರ್‌ಬೋರ್ಡಿನ ಬೆಲೆ ಕೇಳಿ ಚೀಲಕ್ಕೆ ಹಾಕಿಕೊಂಡು ವಾಪಸ್ಸು ಬಂದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ “ನಾರ್ಮಲ್” ಎನ್ನುವುದು ಉತ್ತರವಲ್ಲ. ಸದ್ದು ಎಲ್ಲಿಂದ, ಯಾಕೆ, ಯಾವಾಗ ಬರುತ್ತದೆ ಎಂದು ತಿಳಿದರೆ ಬಹಳಷ್ಟು ಸಲ ಮನೆಯಲ್ಲೇ, ಒಂದು ಸ್ಕ್ರೂ ಕೂಡ ಬಿಚ್ಚದೆ ಅದನ್ನು ಅಡಗಿಸಬಹುದು. ಅದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಒಂದು ಒಳ್ಳೆಯ ಕಿವಿ. ತಾಳ್ಮೆ ನನ್ನಲ್ಲಿತ್ತು. ಕಿವಿಯನ್ನು ಮಗಳಿಂದ ಸಾಲ ಪಡೆದೆ.

ಕಿವಿಯ ವಿಷಯವನ್ನೇ ಮೊದಲು ಹೇಳಬೇಕು. ನಮ್ಮ ಬಾಲ್ಯದಲ್ಲಿ, ಎಂಬತ್ತರ ದಶಕದಲ್ಲಿ, ಕೇರಿಯ ಯಾರ ಮನೆಯಲ್ಲಿ ಟಿವಿ ಹಚ್ಚಿದ್ದಾರೆ ಎಂಬುದು ಅವರ ಅಂಗಳಕ್ಕೆ ಕಾಲಿಟ್ಟರೆ ನಮಗೆ ಗೊತ್ತಾಗುತ್ತಿತ್ತು. ಪರದೆಯಲ್ಲಿ ಇನ್ನೂ ಚಿತ್ರ ಮೂಡಿರುವುದಿಲ್ಲ, ವಾಲ್ಯೂಮ್ ಪೂರ್ತಿ ಇಳಿಸಿರುತ್ತಾರೆ, ಆದರೂ ಕಿವಿಯ ಆಳದಲ್ಲಿ ಸೂಜಿಯಂಥ ಒಂದು ಎಳೆ. ಆಗಿನ ಟಿವಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಸೆಕೆಂಡಿಗೆ ಅಷ್ಟು ಸಲ ಗೆರೆ ಎಳೆಯುವ ಕೆಲಸದಲ್ಲಿ ಟಿವಿಯ ಹಿಂಬದಿಯ ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ಅದೇ ವೇಗದಲ್ಲಿ ನಡುಗುತ್ತಿತ್ತು. ಆ 15,625 ಹರ್ಟ್ಸ್ ನಡುಕವನ್ನೇ ನಾವು ಕೇಳುತ್ತಿದ್ದದ್ದು. ದೊಡ್ಡವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಈಗ ನನಗೆ ಐವತ್ತೆರಡು. ಆ ದೊಡ್ಡವರ ಜಾಗದಲ್ಲಿ ನಾನು ನಿಂತಿದ್ದೇನೆ.

ಮನುಷ್ಯನಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಪಠ್ಯಪುಸ್ತಕದಲ್ಲಿ ಬರೆದಿರುತ್ತದೆ. ಅದು ಎಳೆಯ ಕಿವಿಯ ಲೆಕ್ಕ. ಕಿವಿಯೊಳಗೆ ಶಂಖದಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯವನ್ನು ಬಿಚ್ಚಿ ನೀಳಗೆ ಹಿಡಿದರೆ ಸುಮಾರು 35 ಮಿಲಿಮೀಟರ್. ಅದರ ಬಾಗಿಲಲ್ಲೇ ಇರುವ ರೋಮಕೋಶಗಳು ತೀಕ್ಷ್ಣ ಸ್ವರಗಳನ್ನು ಹಿಡಿಯುತ್ತವೆ, ಒಳತುದಿಯವು ಮಂದ್ರ ಸ್ವರಗಳನ್ನು. ವಯಸ್ಸಾದಂತೆ ಬಾಗಿಲಿನವು ಮೊದಲು ಸವೆಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಇದನ್ನೇ ನಂಬಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಹೋವರ್ಡ್ ಸ್ಟೇಪಲ್‌ಟನ್ ಎಂಬವರು ಅಂಗಡಿಗಳ ಮುಂದೆ ಗುಂಪುಗೂಡುವ ಹದಿಹರೆಯದವರನ್ನು ಚದುರಿಸಲು, ಅವರಿಗೆ ಮಾತ್ರ ಕೇಳಿಸುವಂಥ ಕೀರಲು ಸದ್ದಿನ ಯಂತ್ರವೊಂದನ್ನು ಮಾಡಿದರು. 2006ರಲ್ಲಿ ಅವರಿಗೆ ಇಗ್ನೊಬೆಲ್ ಬಹುಮಾನ ಬಂತು. ಮಕ್ಕಳ ಕಿವಿಯನ್ನು ಚುಚ್ಚುವ ಆ ಯಂತ್ರ ನನಗೆ ಹಿಡಿಸುವುದಿಲ್ಲ. ಆದರೆ ಒಂದೇ ಕೋಣೆಯಲ್ಲಿ ಕೂತ ತಂದೆಗೂ ಮಗಳಿಗೂ ಬೇರೆ ಬೇರೆ ಲೋಕ ಕೇಳಿಸುತ್ತಿರುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇಲ್ಲೊಂದು ಎಚ್ಚರದ ಮಾತು. ಸದ್ದು ಒಬ್ಬರಿಗೇ ಕೇಳಿಸಿ, ಲ್ಯಾಪ್‌ಟಾಪ್ ಆರಿಸಿದ ಮೇಲೂ, ಬೇರೆ ಕೋಣೆಗೆ ಹೋದ ಮೇಲೂ ಕೇಳಿಸುತ್ತಲೇ ಇದ್ದರೆ ಹುಡುಕಬೇಕಾದದ್ದು ಯಂತ್ರದಲ್ಲಲ್ಲ. ಕಿವಿ ಮೊರೆತ ಎಂಬ ತೊಂದರೆಯೊಂದಿದೆ. ಅದಕ್ಕೆ ಕಿವಿ, ಮೂಗು, ಗಂಟಲಿನ ವೈದ್ಯರನ್ನೇ ಕಾಣಬೇಕು.

ಸದ್ದಿನ ಬೆನ್ನು ಹತ್ತಿ

ಜೀರುಂಡೆ ಎಲ್ಲಿ ಕೂತು ಕೂಗುತ್ತಿದೆ ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಹುಡುಕಿದವರಿಗೆ ಗೊತ್ತು. ಎಡಕ್ಕೆ ತಿರುಗಿದರೆ ಎಡಗಡೆಯಿಂದ, ಬಲಕ್ಕೆ ತಿರುಗಿದರೆ ಬಲಗಡೆಯಿಂದ. ಸದ್ದಿನ ದಿಕ್ಕನ್ನು ನಾವು ಎರಡು ಬಗೆಯಲ್ಲಿ ಗುರುತಿಸುತ್ತೇವೆ ಎಂದು ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು. ಮಂದ್ರ ಸ್ವರವಾದರೆ ಎರಡು ಕಿವಿಗೆ ಅದು ತಲುಪುವ ಗಳಿಗೆಯ ವ್ಯತ್ಯಾಸದಿಂದ, ತಾರಸ್ವರವಾದರೆ ತಲೆಯ ನೆರಳಿನಿಂದ ಒಂದು ಕಿವಿಗೆ ಕಡಿಮೆಯಾಗುವ ಜೋರಿನಿಂದ. ಚಪ್ಪಾಳೆಗೆ ಒಂದು ಶುರುವಿದೆ, ಅದನ್ನು ಹಿಡಿಯುವುದು ಕಿವಿಗೆ ಸುಲಭ. ಎಡೆಬಿಡದೆ ಎಳೆಯುವ ಕೀರಲು ಸ್ವರಕ್ಕೆ ಅಂಥ ಶುರುವಿಲ್ಲ. ಮೇಲಾಗಿ, 12,000 ಹರ್ಟ್ಸ್‌ನ ಅಲೆಯ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಗೋಡೆಗೆ, ಮೇಜಿಗೆ, ಸ್ಟೀಲ್ ತಟ್ಟೆಗೆ ತಾಗಿ ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು ಕೋಣೆಯಲ್ಲಿ ಬೆರಳಗಲದ ಅಂತರದಲ್ಲಿ ಜೋರು, ಮೌನ, ಮತ್ತೆ ಜೋರು ಎಂಬ ಜಾಲ ಹೆಣೆಯುತ್ತವೆ. ಮಗಳು ತಲೆಯನ್ನು ಸ್ವಲ್ಪ ಓರೆ ಮಾಡಿದರೂ “ಈಗ ಇಲ್ಲ... ಈಗ ಇದೆ” ಎನ್ನುತ್ತಿದ್ದದ್ದು ಅದಕ್ಕೇ.

ಗ್ಯಾರೇಜಿನ ಮೆಕ್ಯಾನಿಕ್‌ಗಳು ಎಂಜಿನ್ನಿನ ಯಾವ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ತಿಳಿಯಲು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸುವುದನ್ನು ನೋಡಿರುತ್ತೀರಿ. ಲ್ಯಾಪ್‌ಟಾಪಿಗೆ ಲೋಹದ ಸಲಾಕೆ ಬೇಡ. ಗೋಡೆಯ ಹಳೆಯ ಕ್ಯಾಲೆಂಡರನ್ನು ಕೊಳವೆಯಂತೆ ಸುತ್ತಿದೆವು. ಒಂದು ತುದಿ ಮಗಳ ಕಿವಿಗೆ, ಇನ್ನೊಂದು ತುದಿ ಕೀಬೋರ್ಡಿನ ಮೇಲೆ ಇಂಚು ಇಂಚಾಗಿ. ಇನ್ನೊಂದು ಕಿವಿಯನ್ನು ಅವಳೇ ಬೆರಳಿನಿಂದ ಮುಚ್ಚಿಕೊಂಡಳು. ಸ್ಪೇಸ್‌ಬಾರಿನ ಹತ್ತಿರ ಏನಿಲ್ಲ. ಎಫ್ ಸಾಲಿನ ಗುಂಡಿಗಳ ಎಡಭಾಗದಲ್ಲಿ “ಇಲ್ಲೇ” ಎಂದಳು. ಅದರ ಕೆಳಗೇ ಪ್ರೊಸೆಸರ್ ಇರುವುದು. ಆಮೇಲೆ ನಾನು ಯೋಚಿಸದ ಒಂದು ಮಾತು ಹೇಳಿದಳು: “ಅಪ್ಪ, ಕೆಳಗಡೆನೂ ಒಂದಿದೆ. ಅದು ಬೇರೆ ಥರ.” ಮೇಜಿನ ಕೆಳಗೆ ನೆಲದ ಮೇಲಿದ್ದದ್ದು ಚಾರ್ಜರ್.

ನನ್ನ ಕಿವಿ ಸೋತ ಕಡೆ ಫೋನು ನೆರವಿಗೆ ಬಂತು. ಬಹುಪಾಲು ಫೋನುಗಳ ಮೈಕು ಸೆಕೆಂಡಿಗೆ 48,000 ಸಲ ಸದ್ದಿನ ಮಾದರಿ ತೆಗೆಯುತ್ತದೆ. ಅದರರ್ಧ, ಅಂದರೆ 24,000 ಹರ್ಟ್ಸ್‌ವರೆಗಿನ ಸದ್ದನ್ನು ಲೆಕ್ಕಕ್ಕೆ ಹಿಡಿಯಬಹುದು. ಜರ್ಮನಿಯ ಆಕೆನ್ ತಾಂತ್ರಿಕ ವಿಶ್ವವಿದ್ಯಾಲಯ ಶಿಕ್ಷಕರಿಗೂ ಮಕ್ಕಳಿಗೂ ಎಂದು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಸದ್ದಿನ ರೋಹಿತ ತೋರಿಸುವ ಪ್ರಯೋಗವಿದೆ. ತರಗತಿಯಲ್ಲಿ ಶ್ರುತಿಕವೆಯ ಪಾಠಕ್ಕೆ ಅದನ್ನೇ ಬಳಸುತ್ತೇನೆ. ಫೋನನ್ನು ಕೀಬೋರ್ಡಿನ ಮೇಲಿಟ್ಟೆ. ಪರದೆಯ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಎದ್ದು ನಿಂತವು. 11,000, 12,000, 13,000... ನಡುವೆ ಸರಿಯಾಗಿ ಒಂದೊಂದು ಸಾವಿರದ ಅಂತರ. ಇವುಗಳ ಜೊತೆಗೆ 15,000ದ ಆಸುಪಾಸಿನಲ್ಲಿ ಅತ್ತಿತ್ತ ಓಲಾಡುವ, ದಪ್ಪನೆಯ ಒಂದು ಗುಡ್ಡ. ಮಗಳು ಹೇಳಿದ “ಬೇರೆ ಥರ”ದ್ದು ಅದೇ ಇರಬೇಕು ಅನ್ನಿಸಿತು.

ಇನ್ನು ಮುಂದಿನ ಕೆಲಸದಲ್ಲಿ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು.

ಚಾರ್ಜರನ್ನು ಗೋಡೆಯಿಂದ ಕಿತ್ತೆ. ಗುಡ್ಡ ಕರಗಿತು, ಬಾಚಣಿಗೆ ಹಾಗೇ ಉಳಿಯಿತು. ಅಲ್ಲಿಗೆ ಕಳ್ಳರು ಇಬ್ಬರು ಎಂದು ಖಾತ್ರಿಯಾಯಿತು.

ಚಾರ್ಜರಿನ ಕಥೆ ಸರಳ. ಅದರೊಳಗಿನ ಸ್ವಿಚ್ಚು ಕರೆಂಟನ್ನು ಸೆಕೆಂಡಿಗೆ ಅರವತ್ತು ಸಾವಿರ, ಲಕ್ಷ ಸಲ ಕತ್ತರಿಸಿ ಜೋಡಿಸುತ್ತಿರುತ್ತದೆ. ಆ ವೇಗ ಯಾರ ಕಿವಿಗೂ ನಿಲುಕದು. ಆದರೆ ಬ್ಯಾಟರಿ ತುಂಬಿ, ಲ್ಯಾಪ್‌ಟಾಪ್ ಸುಮ್ಮನಿದ್ದಾಗ ಅಷ್ಟು ಕರೆಂಟು ಬೇಕಿರುವುದಿಲ್ಲ. ವ್ಯರ್ಥವಾಗದಿರಲೆಂದು ಚಾರ್ಜರ್ ನಾಲ್ಕು ಸಲ ಬಡಿದು, ಸ್ವಲ್ಪ ತಡೆದು, ಮತ್ತೆ ನಾಲ್ಕು ಸಲ ಬಡಿಯುವ ಕ್ರಮಕ್ಕೆ ಇಳಿಯುತ್ತದೆ. ಈ ತಡೆದು ತಡೆದು ಬಡಿಯುವ ಲಯವೇ ಕಿವಿಯ ಎಟುಕಿಗೆ ಬಂದುಬಿಡುತ್ತದೆ. ಫೋನು ಸಿಕ್ಕಿಸದೆ ಖಾಲಿ ಬಿಟ್ಟ ಚಾರ್ಜರ್ ಸಿಳ್ಳೆ ಹಾಕುವುದೂ ಇದಕ್ಕೇ. ಬ್ಯಾಟರಿ ತುಂಬಿದ ಮೇಲೆ ಕಿತ್ತಿಡಿ, ಇಲ್ಲವೇ ಚಾರ್ಜರನ್ನು ಮೇಜಿನಿಂದ ದೂರ ಸರಿಸಿ. ಸಿಳ್ಳೆಯ ಬದಲು ಚಟಪಟ ಸದ್ದು, ಸುಟ್ಟ ವಾಸನೆ, ಮುಟ್ಟಲಾಗದಷ್ಟು ಬಿಸಿ ಇದ್ದರೆ ಮಾತ್ರ ಆ ಚಾರ್ಜರನ್ನು ಮತ್ತೆ ಸಿಕ್ಕಿಸಬಾರದು.

ಬಾಚಣಿಗೆಯ ಕಡೆ ತಿರುಗಿದೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬೆಳಕು ತಗ್ಗಿಸಿದಾಗ ಪರದೆಯ ಹಿಂದಿನ ಎಲ್‌ಇಡಿಗಳನ್ನು ಕಣ್ಣಿಗೆ ತಿಳಿಯದಂತೆ ವೇಗವಾಗಿ ಆರಿಸಿ ಹಚ್ಚುತ್ತಾರೆ, ಸದ್ದು ಅಲ್ಲಿಂದಲೂ ಬರಬಹುದು. ಬೆಳಕು ಪೂರ್ತಿಯಾದರೆ ಆ ಸದ್ದು ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ. ಕೀಬೋರ್ಡಿನ ದೀಪ ಆರಿಸಿದೆ, ವೈಫೈ ಆರಿಸಿದೆ. ವ್ಯತ್ಯಾಸವಿಲ್ಲ. ಫ್ಯಾನಂತೂ ಅಲ್ಲ, ಯಾಕೆಂದರೆ ಆಗ ಅದು ತಿರುಗುತ್ತಲೇ ಇರಲಿಲ್ಲ. ಫ್ಯಾನಿನ ಸ್ವರ ಬೇರೆ ಬಗೆಯದು. ನಿಮಿಷಕ್ಕೆ 4,000 ಸುತ್ತು ತಿರುಗುವ, 37 ರೆಕ್ಕೆಗಳ ಫ್ಯಾನಾದರೆ ಸೆಕೆಂಡಿಗೆ ಸುಮಾರು 2,470 ಸಲ ರೆಕ್ಕೆ ಗಾಳಿಯನ್ನು ಸೀಳುತ್ತದೆ, ಸ್ವರವೂ ಅಷ್ಟೇ. ವೇಗ ಏರಿದಂತೆ ಅದು ನಿಧಾನ ಏರುತ್ತದೆ, ಥಟ್ಟನೆ ಬಂದು ಥಟ್ಟನೆ ಹೋಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕೂಡ ಗುಂಯ್‌ಗುಡುವುದುಂಟು. ಅದು ಟಿಕ್ ಟಿಕ್ ಎನ್ನಲು ಶುರು ಮಾಡಿದರೆ ಈ ಲೇಖನ ಓದುವುದನ್ನು ಅಲ್ಲೇ ಬಿಟ್ಟು ಫೋಟೊ, ಕಡತಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಿ. ಇಯರ್‌ಫೋನ್ ಹಾಕಿದಾಗ ಮಾತ್ರ ಕೇಳಿಸುವ ಸದ್ದು ಇನ್ನೊಂದು ಜಾತಿ. ಚಾರ್ಜರ್ ಕಿತ್ತರೆ ಅದು ನಿಲ್ಲುವುದಾದರೆ ಮನೆಯ ಅರ್ಥಿಂಗನ್ನು, ಮೂರು ಪಿನ್ನಿನ ಪ್ಲಗ್ಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಬೇಕು.

ಸುಮ್ಮನಿದ್ದಾಗ ಕೂಗುವ ಯಂತ್ರ

ಆಮೇಲೆ ನಡೆದದ್ದು ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿತು. ಒಂದು ವಿಡಿಯೊ ಹಚ್ಚಿದೆ. ಮಗಳು “ನಿಲ್ತು” ಎಂದಳು, ಫೋನಿನಲ್ಲಿ ಬಾಚಣಿಗೆ ಮಾಯ. ವಿಡಿಯೊ ನಿಲ್ಲಿಸಿದೆ, ಬಾಚಣಿಗೆ ಮರಳಿತು. ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿದರೆ ಸದ್ದು ಒಡೆದು ಚೂರಾಗುತ್ತಿತ್ತು, ಬೆರಳೆತ್ತಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ದುಡಿಯುವಾಗ ಮೌನ, ಸುಮ್ಮನಿದ್ದಾಗ ಕೂಗು. ಎತ್ತಿನ ಗಾಡಿಯಿಂದ ರೈಲಿನವರೆಗೆ ನಾವು ಕಂಡ ಎಲ್ಲ ಯಂತ್ರಗಳೂ ಇದಕ್ಕೆ ತಿರುಗುಮುರುಗು.

ಉತ್ತರ ಇರುವುದು ಪ್ರೊಸೆಸರಿನ ನಿದ್ದೆಯಲ್ಲಿ. ಇಂದಿನ ಪ್ರೊಸೆಸರ್ ಕೆಲಸವಿಲ್ಲದ ಪ್ರತಿ ಗಳಿಗೆಯಲ್ಲೂ ನಿದ್ದೆ ಮಾಡುತ್ತದೆ. ಬ್ಯಾಟರಿ ದಿನವಿಡೀ ಬಾಳುವುದು ಆ ನಿದ್ದೆಯ ಪುಣ್ಯದಿಂದಲೇ. ನೀವು ಒಂದು ಅಕ್ಷರ ಒತ್ತಿ ಇನ್ನೊಂದಕ್ಕೆ ಬೆರಳು ಒಯ್ಯುವಷ್ಟರಲ್ಲಿ ಅದು ಹತ್ತಾರು ಸಲ ಮಲಗಿ ಎದ್ದಿರಬಹುದು. ನಿದ್ದೆಗೂ ಮೆಟ್ಟಿಲುಗಳಿವೆ: ತೂಕಡಿಕೆಯಿಂದ ಗಾಢನಿದ್ದೆಯವರೆಗೆ. ಗಾಢನಿದ್ದೆಯಲ್ಲಿ ಅದು ಎಳೆಯುವ ಕರೆಂಟು ಹನಿಯಷ್ಟು, ಎಚ್ಚರಗೊಂಡ ಕೂಡಲೇ ಹೊಳೆಯಷ್ಟು. ಒಂದು ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುವ ಪ್ರೊಸೆಸರಿಗೆ ಇಪ್ಪತ್ತು ಮೂವತ್ತು ಆಂಪಿಯರ್ ಬೇಕಾಗುವುದು ದೊಡ್ಡದಲ್ಲ. ಈ ಏರಿಳಿತ ಸೆಕೆಂಡಿಗೆ ಸಾವಿರ ಸಲ ತಪ್ಪದೆ ನಡೆದರೆ ಅದೊಂದು ಲಯ. ಲಯ ಅಷ್ಟು ವೇಗವಾದರೆ ಅದೊಂದು ಸ್ವರ.

ಕರೆಂಟಿನ ಲಯ ಸದ್ದಾಗುವುದು ಹೇಗೆ? ಅಡುಗೆಮನೆಯ ಗ್ಯಾಸ್ ಲೈಟರನ್ನು ಕೈಗೆತ್ತಿಕೊಳ್ಳಿ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಒಂದು ಹರಳನ್ನು ಬಡಿಯುತ್ತದೆ, ಹರಳಿನಲ್ಲಿ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಈ ಗುಣವನ್ನು ಪ್ಯಾರಿಸ್ಸಿನಲ್ಲಿ ಅಣ್ಣತಮ್ಮಂದಿರಾದ ಜಾಕ್ ಮತ್ತು ಪಿಯರ್ ಕ್ಯೂರಿ 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ನಿಜ. ಅಂಥ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಉಬ್ಬುತ್ತದೆ, ಕುಗ್ಗುತ್ತದೆ.

ಲ್ಯಾಪ್‌ಟಾಪಿನ ಬೋರ್ಡಿನ ಮೇಲೆ ರಾಗಿ ಕಾಳಿನ ಗಾತ್ರದ, ಅದಕ್ಕಿಂತಲೂ ಚಿಕ್ಕ ಕಂದು ಬಣ್ಣದ ಕೆಪಾಸಿಟರುಗಳು ನೂರಾರಿವೆ. ಪ್ರೊಸೆಸರ್ ಥಟ್ಟನೆ ಎದ್ದು ಕರೆಂಟು ಕೇಳಿದಾಗ ಕೈಗೊದಗಿಸುವ ಹಂಡೆಗಳು ಅವು. ಅವುಗಳ ಒಡಲಲ್ಲಿರುವುದು ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ವಸ್ತು, ಪದರದ ಮೇಲೆ ಪದರ. ಇದಕ್ಕೂ ನಮ್ಮ ನೆಲಕ್ಕೂ ಒಂದು ನಂಟಿದೆ. ಮೊದಲೆಲ್ಲ ಒಳ್ಳೆಯ ಕೆಪಾಸಿಟರ್ ಮಾಡಲು ಅಭ್ರಕ, ನಮ್ಮ ಹಳ್ಳಿಗಳ ಕಾಗೆಬಂಗಾರ, ಬೇಕಿತ್ತು. ಜಗತ್ತಿಗೆ ಅದನ್ನು ಒದಗಿಸುತ್ತಿದ್ದದ್ದು ಮುಖ್ಯವಾಗಿ ಭಾರತ. ಎರಡನೇ ಮಹಾಯುದ್ಧದಲ್ಲಿ ಅಭ್ರಕಕ್ಕೆ ಬರ ಬಂದಾಗ ಬದಲಿ ವಸ್ತುವಿನ ಹುಡುಕಾಟ ನಡೆದು, ಅಮೆರಿಕ, ರಷ್ಯಾ, ಜಪಾನ್ ಮೂರೂ ಕಡೆ ಬೇರೆ ಬೇರೆಯಾಗಿ ಬೇರಿಯಂ ಟೈಟನೇಟಿನ ವಿಶೇಷ ಗುಣ ಗೊತ್ತಾಯಿತು. ಚಿಟಿಕೆಯಷ್ಟು ಜಾಗದಲ್ಲಿ ಅದು ಹಿಡಿದಿಡುವ ವಿದ್ಯುತ್ತಿಗೆ ಅಭ್ರಕ ಸಾಟಿಯಲ್ಲ. ಆದರೆ ಲೈಟರಿನ ಹರಳಿನ ಗುಣ ಅದರಲ್ಲೂ ಇದೆ. ಪ್ರೊಸೆಸರಿನ ನಿದ್ದೆ ಎಚ್ಚರಗಳ ಲಯಕ್ಕೆ ವೋಲ್ಟೇಜು ಕದಲಿದಂತೆಲ್ಲ ಅದೂ ಉಬ್ಬಿ ಕುಗ್ಗುತ್ತದೆ.

ಆ ಕದಲಿಕೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಅಷ್ಟರಿಂದ ಕೋಣೆ ತುಂಬುವ ಸದ್ದು ಹುಟ್ಟಲಾರದು. ವೀಣೆಯ ತಂತಿಯನ್ನು ಬರಿಯ ಮೊಳೆಗಳಿಗೆ ಕಟ್ಟಿ ಮೀಟಿದರೆ ಪಕ್ಕದವರಿಗೂ ಕೇಳಿಸದು, ಹಲಸಿನ ಮರದ ಕೊಡದ ಮೇಲೆ ಏರಿಸಿದಾಗಲೇ ಅದು ನಾದ. ಇಲ್ಲಿ ಕೊಡದ ಕೆಲಸ ಮಾಡುವುದು ಬೋರ್ಡು. ಕೆಪಾಸಿಟರನ್ನು ಬೆಸೆದಿರುವ ಹಸಿರು ಹಲಗೆ ಅದರೊಂದಿಗೆ ಬಾಗುತ್ತದೆ, ಹಲಗೆಗೆ ತಾಗಿದ ಕೀಬೋರ್ಡಿನ ತಗಡು ನಡುಗುತ್ತದೆ. ಬೋರ್ಡಿಗೆ ಒಗ್ಗುವ ಸ್ವರವೇ ಹೆಚ್ಚು ಜೋರು. ಸಾವಿರ ಹರ್ಟ್ಸ್ ಲಯದ ಹನ್ನೊಂದು, ಹನ್ನೆರಡು, ಹದಿಮೂರನೇ ಪಟ್ಟು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಎದ್ದು ಕಂಡದ್ದು, ಬೇರೊಂದರಲ್ಲಿ ಬೇರೆಯೇ ಸ್ವರ ಎದ್ದು ಕಾಣುವುದು ಹೀಗಾಗಿ.

ರಿಪೇರಿಯವರು ಇದೆಲ್ಲವನ್ನೂ ಒಟ್ಟಾಗಿ ಕಾಯಿಲ್ ವೈನ್ ಎನ್ನುತ್ತಾರೆ. ಕಾಯಿಲ್‌ಗಳೂ ಸದ್ದು ಮಾಡುವುದು ನಿಜ. ತಂತಿಯ ಸುತ್ತುಗಳು ಕರೆಂಟು ಹರಿದಾಗ ಒಂದನ್ನೊಂದು ಎಳೆಯುತ್ತವೆ, ಒಳಗಿನ ತಿರುಳು ಕಾಂತೀಯಗೊಂಡಾಗ ಉದ್ದದಲ್ಲಿ ತುಸು ಬದಲಾಗುತ್ತದೆ. ಕಬ್ಬಿಣದ ಈ ಗುಣವನ್ನು ಜೌಲ್ 1842ರಲ್ಲೇ ಗುರುತಿಸಿದ್ದರು. ಊರ ಹೊರಗಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗೆ ನಿಂತರೆ ಕೇಳಿಸುವ ಗುಂಯ್‌ಕಾರ ಇದೇ ಕುಲದ್ದು. ನಮ್ಮ ಕರೆಂಟು 50 ಹರ್ಟ್ಸ್, ತಿರುಳು ಪ್ರತಿ ಅಲೆಗೆ ಎರಡು ಸಲ ಎಳೆಸಿಕೊಳ್ಳುವುದರಿಂದ ಟಿಸಿಯ ಸ್ವರ 100 ಹರ್ಟ್ಸ್.

ಉಳಿದ ಪ್ರಶ್ನೆ ಒಂದೇ. ಆ ಸರಿಯಾದ ಸಾವಿರ ಎಲ್ಲಿಂದ ಬಂತು? ಪ್ರಕೃತಿ ಅಷ್ಟು ಅಚ್ಚುಕಟ್ಟಾಗಿ ಸೊನ್ನೆಗಳನ್ನು ಜೋಡಿಸುವುದಿಲ್ಲ. ಮನುಷ್ಯ ಬರೆದ ಸಂಖ್ಯೆ ಅದು, ಅಂದರೆ ಯಾವುದೋ ಪ್ರೋಗ್ರಾಮಿನದು.

ಇದಕ್ಕೊಂದು ಹಿಂದಿನ ಕಥೆಯಿದೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಗಡಿಯಾರದಂತೆ ನಿಗದಿತ ಅಂತರದಲ್ಲಿ ಪ್ರೊಸೆಸರನ್ನು ಎಬ್ಬಿಸಿ “ಏನಾದರೂ ಕೆಲಸವಿದೆಯೇ” ಎಂದು ವಿಚಾರಿಸುತ್ತಿತ್ತು. ಲಿನಕ್ಸಿನಲ್ಲಿ ಮೊದಲು ಇದು ಸೆಕೆಂಡಿಗೆ 100 ಸಲ ಇತ್ತು. 2003ರ ಕೊನೆಯಲ್ಲಿ ಬಂದ 2.6 ಆವೃತ್ತಿಯಲ್ಲಿ, ಕೆಲಸ ಚುರುಕಾಗಲೆಂದು, ಅದನ್ನು 1,000ಕ್ಕೆ ಏರಿಸಿದರು. ಆಗ ಎಷ್ಟೋ ಲ್ಯಾಪ್‌ಟಾಪುಗಳು ಕಿವಿ ಕೊರೆಯಲು ಶುರು ಮಾಡಿದವು. ಕೋಡಿನಲ್ಲಿ ಒಬ್ಬರು ಬರೆದ ಒಂದು ಅಂಕಿ ಲೋಕದ ಇನ್ನೊಂದು ಮೂಲೆಯ ಮೇಜಿನ ಮೇಲೆ ಸ್ವರವಾಗಿ ಕೇಳಿಸಿತು! 2005ರಲ್ಲಿ ಅದನ್ನು 250ಕ್ಕೆ ಇಳಿಸಿದರು. 2007ರಲ್ಲಿ, ಕೆಲಸವಿಲ್ಲದಾಗ ಎಬ್ಬಿಸುವುದನ್ನೇ ಬಿಡುವ ವ್ಯವಸ್ಥೆ ಬಂತು. ಯಾವ ಪ್ರೋಗ್ರಾಮು ಪ್ರೊಸೆಸರನ್ನು ಎಷ್ಟು ಸಲ ಎಬ್ಬಿಸುತ್ತಿದೆ ಎಂದು ಪಟ್ಟಿ ಮಾಡಿ ತೋರಿಸುವ ಪವರ್‌ಟಾಪ್ ಎಂಬ ಸಲಕರಣೆಯನ್ನು ಇಂಟೆಲ್ ಹೊರತಂದದ್ದೂ ಅದೇ ವರ್ಷ. ಹಳೆಯ ಯುಎಸ್‌ಬಿ ವ್ಯವಸ್ಥೆಯೂ ಪ್ರತಿ ಮಿಲಿಸೆಕೆಂಡಿಗೆ ಒಮ್ಮೆ ಮೆಮೊರಿಯನ್ನು ತಟ್ಟುತ್ತಿತ್ತು. 2006ರ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪುಗಳ ಕೀರಲು ದನಿಯಿಂದ ಬೇಸತ್ತವರು ಕ್ಯಾಮೆರಾ ಆನ್ ಮಾಡಿದರೆ ಸದ್ದು ನಿಲ್ಲುತ್ತದೆ ಎಂದು ಕಂಡುಕೊಂಡಿದ್ದರು. ಕ್ಯಾಮೆರಾ ಪ್ರೊಸೆಸರನ್ನು ಗಾಢನಿದ್ದೆಗೆ ಬಿಡುತ್ತಿರಲಿಲ್ಲ, ಅಷ್ಟೇ.

ನಮ್ಮ ಮನೆಯಲ್ಲಿರುವುದು ವಿಂಡೋಸ್. ಅದರ ಗಡಿಯಾರ ಸಾಮಾನ್ಯವಾಗಿ 15.625 ಮಿಲಿಸೆಕೆಂಡಿಗೆ ಒಮ್ಮೆ ಬಡಿಯುತ್ತದೆ. ಹಳೆಯ ಟಿವಿಯ ಅಂಕಿಗಳೇ ಇಲ್ಲಿ ಮರಳಿರುವುದು ಕಾಕತಾಳೀಯ, ಆದರೂ ನನಗೆ ಖುಷಿ ಕೊಟ್ಟಿತು. ಸಂಗೀತದ, ಆಟದ, ವಿಡಿಯೊ ಮಾತುಕತೆಯ ಪ್ರೋಗ್ರಾಮುಗಳಿಗೆ ಅಷ್ಟು ನಿಧಾನ ಸಾಲದು, “ಒಂದು ಮಿಲಿಸೆಕೆಂಡಿಗೆ ಒಮ್ಮೆ ಬಡಿ” ಎಂದು ಅವು ಕೇಳಿಕೊಳ್ಳಬಹುದು. ಯಾರು ಕೇಳಿದ್ದಾರೆ ಎಂದು ನೋಡಲು ದಾರಿಯಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್‌ಸಿಎಫ್‌ಜಿ ಎಂದು ಟೈಪಿಸಿ, ಜಾಗ ಬಿಟ್ಟು, ಓರೆಗೆರೆ ಹಾಕಿ ಎನರ್ಜಿ ಎಂದು ಸೇರಿಸಿ ಎಂಟರ್ ಒತ್ತಿದರೆ ಒಂದು ನಿಮಿಷ ಕಾದು ವರದಿ ಕೊಡುತ್ತದೆ. ವರದಿಯಲ್ಲಿ ಟೈಮರ್ ರೆಸಲ್ಯೂಶನ್ ಎಂಬ ಭಾಗದಲ್ಲಿ ಕೇಳಿಕೊಂಡ ಪ್ರೋಗ್ರಾಮಿನ ಹೆಸರಿರುತ್ತದೆ. ನಮ್ಮದರಲ್ಲಿ ಸಿಕ್ಕಿದ್ದು ಆನ್‌ಲೈನ್ ತರಗತಿಗೆ ಬಳಸುವ ಒಂದು ಪ್ರೋಗ್ರಾಮು. ವಾರದ ಹಿಂದೆ ಸಭೆ ಮುಗಿಸಿ ಕಿಟಕಿ ಮುಚ್ಚಿದ್ದೆ, ಅದು ಮಾತ್ರ ಕೆಳಗಿನ ಮೂಲೆಯಲ್ಲಿ ಬದುಕಿಕೊಂಡು ಸೆಕೆಂಡಿಗೆ ಸಾವಿರ ಸಲ ಪ್ರೊಸೆಸರಿನ ನಿದ್ದೆ ಕೆಡಿಸುತ್ತಿತ್ತು.

ಅದನ್ನು ಪೂರ್ತಿ ಮುಚ್ಚಿದೆ. ಫೋನಿನ ಪರದೆಯಲ್ಲಿ ಬಾಚಣಿಗೆಯ ಹಲ್ಲುಗಳು ಉದುರಿದವು. ಪುಸ್ತಕದಿಂದ ತಲೆಯೆತ್ತಿದ ಮಗಳು “ಹೋಯ್ತು” ಎಂದಳು.

ಎಲ್ಲರಿಗೂ ಇಷ್ಟು ಸುಲಭವಾಗಿ ಸಿಗದು. ಯಾವ ಪ್ರೋಗ್ರಾಮನ್ನು ಮುಚ್ಚಿದರೂ ನಿಲ್ಲದ ಸದ್ದುಗಳಿವೆ. ಕೆಲವು ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿ ಪ್ರೊಸೆಸರಿನ ಗಾಢನಿದ್ದೆಯನ್ನು ತಡೆಯುವ ಸೌಲಭ್ಯವಿರುತ್ತದೆ. ಲಿನಕ್ಸ್ ಬಳಸುವವರು ಶುರುವಾಗುವಾಗಲೇ ಅದನ್ನು ಹೇಳಬಹುದು. ಸದ್ದು ನಿಲ್ಲುತ್ತದೆ, ಆದರೆ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಸ್ವಲ್ಪ ಕಿರಿಕಿರಿಯಾದರೆ ಈ ಬೆಲೆ ತೆರುವುದು ಬೇಡ ಎಂಬುದು ನನ್ನ ಅಭಿಪ್ರಾಯ. ರಾತ್ರಿಯಿಡೀ ಅದರ ಮುಂದೆ ಕೂತು ದುಡಿಯಬೇಕಾದವರ ನಿರ್ಧಾರ ಬೇರೆಯಿರಬಹುದು. ಬೋರ್ಡು ಬಿಚ್ಚಿ ಕಾಯಿಲ್ಲಿಗೆ ಗೋಂದು ಸುರಿಯುವ ಸಾಹಸ ಮಾತ್ರ ಬೇಡ. ರಾಗಿ ಕಾಳಿನಷ್ಟು ಚಿಕ್ಕ ನೂರಾರು ಭಾಗಗಳ ನಡುವೆ ಯಾವುದು ಕೂಗುತ್ತಿದೆ ಎಂದು ಬರಿಗಣ್ಣಿಗೆ ಕಾಣುವುದಿಲ್ಲ, ಬಿಸಿ ಹೊರಹೋಗುವ ದಾರಿ ಮುಚ್ಚಿದರೆ ಇರುವ ಲ್ಯಾಪ್‌ಟಾಪೂ ಹಾಳು. ತಯಾರಕರ ಕೈಯಲ್ಲಿ ಮಾತ್ರ ಬೇರಿನ ಮದ್ದಿದೆ. ಕೆಪಾಸಿಟರುಗಳನ್ನು ಬೋರ್ಡಿನ ಎರಡೂ ಬದಿಗೆ ಬೆನ್ನಿಗೆ ಬೆನ್ನಾಗಿ ಕೂರಿಸಿದರೆ ಒಂದರ ನಡುಕವನ್ನು ಇನ್ನೊಂದು ಕಳೆಯುತ್ತದೆ. ಪುಟ್ಟ ಲೋಹದ ಕಾಲುಗಳ ಮೇಲೆ ನಿಲ್ಲಿಸಿದ ಕೆಪಾಸಿಟರುಗಳೂ ಸಿಗುತ್ತವೆ, ನಡುಕ ಬೋರ್ಡಿಗೆ ಇಳಿಯುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚು. ಆ ಸ್ವಲ್ಪವನ್ನು ಉಳಿಸಿದ್ದರ ಫಲವನ್ನು ಕೊಂಡವರು ವರ್ಷಗಟ್ಟಲೆ ಕೇಳಬೇಕಾಗುತ್ತದೆ. ಇದನ್ನು “ನಾರ್ಮಲ್” ಎಂದು ತಳ್ಳಿಹಾಕುವುದು ಸರಿಯಲ್ಲ.

ತಳ್ಳಿಹಾಕಬಾರದು ಎನ್ನಲು ಇನ್ನೂ ಗಟ್ಟಿಯಾದ ಕಾರಣವೊಂದಿದೆ. ಪ್ರೊಸೆಸರ್ ಮಾಡುವ ಕೆಲಸ ಬದಲಾದಂತೆ ಸದ್ದೂ ಬದಲಾಗುತ್ತದೆ ಎಂದ ಮೇಲೆ, ಸದ್ದು ಕೇಳಿ ಕೆಲಸ ಊಹಿಸಬಹುದಲ್ಲವೇ? ಇಸ್ರೇಲಿನ ಡ್ಯಾನಿಯಲ್ ಗೆಂಕಿನ್, ಆದಿ ಶಾಮಿರ್, ಎರಾನ್ ಟ್ರೋಮರ್ 2013ರ ಡಿಸೆಂಬರಿನಲ್ಲಿ ಇದನ್ನು ಮಾಡಿ ತೋರಿಸಿದರು. ಲ್ಯಾಪ್‌ಟಾಪಿನ ಪಕ್ಕದಲ್ಲಿ 30 ಸೆಂಟಿಮೀಟರ್ ದೂರ ಇಟ್ಟ ಸಾಮಾನ್ಯ ಫೋನಿನಿಂದ, ಒಳ್ಳೆಯ ಮೈಕಾದರೆ ನಾಲ್ಕು ಮೀಟರ್ ದೂರದಿಂದ, ಅದರ ಬೋರ್ಡಿನ ಸದ್ದು ಹಿಡಿದರು. ಲ್ಯಾಪ್‌ಟಾಪ್ ಗುಪ್ತಪತ್ರಗಳನ್ನು ಬಿಡಿಸುವಾಗ ಬಂದ ಸದ್ದನ್ನು ಒಂದು ಗಂಟೆಯೊಳಗೆ ವಿಶ್ಲೇಷಿಸಿ, 4,096 ಬಿಟ್‌ಗಳ ರಹಸ್ಯ ಕೀಲಿಯನ್ನೇ ಹೊರತೆಗೆದರು. ಆ ಕೀಲಿಯ ವಿಧಾನದ ಹೆಸರು ಆರ್‌ಎಸ್‌ಎ, ಅದರ ನಡುವಿನ ಎಸ್ ಅಕ್ಷರ ಇದೇ ಶಾಮಿರ್ ಅವರದು. ಅವರು ಪ್ರಯೋಗಿಸಿದ ಗ್ನುಪಿಜಿ ಎಂಬ ಪ್ರೋಗ್ರಾಮನ್ನು ಕೂಡಲೇ ತಿದ್ದಲಾಯಿತು.

ಆನ್‌ಲೈನ್ ತರಗತಿ ಇದ್ದ ದಿನ ನಮ್ಮ ಲ್ಯಾಪ್‌ಟಾಪ್ ಈಗಲೂ ಕೂಗುತ್ತದಂತೆ. ಮಗಳು ಹೇಳುತ್ತಾಳೆ, ನಾನು ಪ್ರೋಗ್ರಾಮು ಮುಚ್ಚುತ್ತೇನೆ. ಹೊಸ ಲ್ಯಾಪ್‌ಟಾಪ್ ಕೊಂಡವರಲ್ಲಿ ನನ್ನದೊಂದು ಕೋರಿಕೆ. ಅಂಗಡಿಯ ಗದ್ದಲದಲ್ಲಿ ಈ ಸದ್ದು ಯಾರಿಗೂ ಕೇಳಿಸದು. ಬದಲಾಯಿಸಿಕೊಡುವ ಗಡುವು ಮುಗಿಯುವ ಮೊದಲು ಒಂದು ರಾತ್ರಿ ಮನೆಯ ಫ್ಯಾನು, ಟಿವಿ ಎಲ್ಲ ಆರಿಸಿ, ಲ್ಯಾಪ್‌ಟಾಪನ್ನು ಸುಮ್ಮನೆ ಹಚ್ಚಿಟ್ಟು, ಚಾರ್ಜರ್ ಹಾಕಿ ಒಮ್ಮೆ, ಕಿತ್ತು ಒಮ್ಮೆ, ಮನೆಯ ಅತಿ ಚಿಕ್ಕ ಮಗುವನ್ನು ಅದರ ಪಕ್ಕ ಕೂರಿಸಿ ಕೇಳಿಸಿ. ಕಿರ್ರ್ ಅಂತಿದೆ ಎಂದು ಅದು ಹೇಳಿದರೆ, ನಿಮಗೆ ಕೇಳಿಸದಿದ್ದರೂ, ನಂಬಿ.